ರಿಪೇರಿಗಿಂತ ಮೊದಲು ಇನ್ನೊಂದು ಪ್ರತಿ

ಮೂಲ ಸಂಸ್ಕೃತ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಷ್ಟೇ ಉಳಿದಿರುವ ಬೌದ್ಧ ಗ್ರಂಥಗಳನ್ನು ಮತ್ತೆ ಸಂಸ್ಕೃತಕ್ಕೆ ತರುವುದು ಸಾರನಾಥದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯ ಕೆಲಸಗಳಲ್ಲೊಂದು. 1967ರಲ್ಲಿ ಶುರುವಾದ ಈ ಸಂಸ್ಥೆಗೆ ಅದು ಸಾಧ್ಯವಾದದ್ದು ಹಿಮಾಲಯದಾಚೆ ಇನ್ನೊಂದು ಪ್ರತಿ ಉಳಿದಿತ್ತೆಂಬ ಕಾರಣಕ್ಕೆ. ಪುಸ್ತಕವೊಂದನ್ನು ಕಟ್ಟಿ ಕಳಿಸಿದ ಜಿಪ್ ಫೈಲ್ ತೆರೆಯದಿದ್ದಾಗ ನಮ್ಮಲ್ಲಿ ಸಿಗುವ ಸಲಹೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ಯಾವುದಾದರೂ ರಿಪೇರಿ ಸಾಫ್ಟ್‌ವೇರ್ ಹಾಕಿ ನೋಡಿ’ ಅನ್ನುತ್ತಾರೆ. ಬಂದೇ ಇಲ್ಲದ ಬೈಟುಗಳನ್ನು ಆ ಸಾಫ್ಟ್‌ವೇರ್ ಎಲ್ಲಿಂದ ತರಬೇಕು?

ಫಿಲ್ ಕಾಟ್ಜ್ 1989ರಲ್ಲಿ ಹೊರತಂದ ಜಿಪ್‌ನಲ್ಲಿ ಒಳಗಿನ ಫೈಲುಗಳ ಪಟ್ಟಿ ಇರುವುದು ಕಟ್ಟಕಡೆಗೆ. ಡೌನ್‌ಲೋಡ್ ಕೊನೆಯ ಗಳಿಗೆಯಲ್ಲಿ ಕಡಿದುಹೋದರೆ ಹೋಗುವುದು ಆ ಪಟ್ಟಿಯೇ. ಮಿಕ್ಕಿದ್ದೆಲ್ಲ ಬಂದಿದ್ದರೂ ವಿಂಡೋಸ್ ಕೈಚೆಲ್ಲುತ್ತದೆ. ಇಂಥ ಕಡೆ ರಿಪೇರಿ ಸಾಫ್ಟ್‌ವೇರಿಗೆ ಸಲ್ಲಬೇಕಾದ ಶ್ರೇಯ ಸಲ್ಲಲಿ: ಪ್ರತಿ ಫೈಲಿನ ಮುಂದಿರುವ ಪುಟ್ಟ ತಲೆಬರಹಗಳನ್ನು ಹುಡುಕಿ ಅದು ಪಟ್ಟಿಯನ್ನು ಮತ್ತೆ ಕಟ್ಟುತ್ತದೆ. ಆದರೆ ಕುಗ್ಗಿಸಿದ ದತ್ತಾಂಶವೇ ಕೆಟ್ಟಿದ್ದರೆ ಆ ಫೈಲಿನಲ್ಲಿ ಅಲ್ಲಿಂದ ಮುಂದಿನದು ಬಹುಪಾಲು ಹೋದಂತೆಯೇ. ಜಿಪ್‌ನೊಳಗಿನ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ದತ್ತಾಂಶ ತಪ್ಪಿದೆ ಎಂದು ಹೇಳಬಲ್ಲದು, ತಿದ್ದಲಾರದು.

ಹಣ ಕೊಟ್ಟು ಏನನ್ನಾದರೂ ಕೊಳ್ಳುವ ಮೊದಲು ಆ ಫೈಲನ್ನು ನೋಟ್‌ಪ್ಯಾಡ್‌ಗೆ ಎಳೆದುಹಾಕಿ. (ದೊಡ್ಡದಾದರೆ ತಿಣುಕಾಡುತ್ತದೆ, ಕಾಯಿರಿ.) ಕಸದಂಥ ಅಕ್ಷರಗಳ ಮೊದಲಲ್ಲಿ ‘ಪಿ’, ‘ಕೆ’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ನಿಜವಾದ ಜಿಪ್, ಅವು ಕಾಟ್ಜ್‌ನ ಇನಿಷಿಯಲ್ಲುಗಳು. ‘ರಾರ್’ ಅಂತಿದ್ದರೆ ಯಾರೋ ಹೆಸರಿನ ಬಾಲವನ್ನಷ್ಟೇ ಬದಲಿಸಿದ್ದಾರೆ, ಪುಕ್ಕಟೆ ಸಿಗುವ ಸೆವೆನ್-ಜಿಪ್ ಸಾಕು. ಓದಲು ಬರುವ ಇಂಗ್ಲಿಷ್ ಕಂಡಿತೋ, ನಿಮಗೆ ಇಳಿದದ್ದು ಪುಸ್ತಕವಲ್ಲ, ಯಾವುದೋ ಲಾಗಿನ್ ಪುಟ. ಪಾಸ್‌ವರ್ಡ್ ಹಾಕಿದ ಜಿಪ್ಪುಗಳದ್ದು ಇನ್ನೊಂದು ಕತೆ: ಎಇಎಸ್ ಬೀಗವನ್ನು ವಿಂಡೋಸಿನ ಸ್ವಂತ ಕೀಲಿ ತೆಗೆಯಲಾರದು, ನಾವು ಫೈಲ್ ಕರಪ್ಟ್ ಅನ್ನುತ್ತೇವೆ.

ನನ್ನ ತಕರಾರು ಇರುವುದು ಕಳಿಸುವವರ ಮೇಲೆ. ಸ್ಕ್ಯಾನ್ ಮಾಡಿದ ಪುಟಗಳು ಜೆಪೆಗ್ ಆಗಿದ್ದರೆ ಅವು ಆಗಲೇ ಕುಗ್ಗಿರುತ್ತವೆ. ಜಿಪ್ ಮಾಡಿದರೆ ಗಾತ್ರ ಇಳಿಯುವುದು ನೆಪಮಾತ್ರಕ್ಕೆ, ಗಂಡಾಂತರ ಮಾತ್ರ ಪೂರ್ತಿ. ಅದನ್ನೇ ಹತ್ತು ರಾರ್ ತುಂಡು ಮಾಡಿ ಕಳಿಸುವ ಚಾಳಿಯಂತೂ ಅಸಹ್ಯ: ನಡುವಿನ ಒಂದು ತುಂಡು ತಪ್ಪಿದರೂ ಓದುಗ ಅಲ್ಲೇ ನಿಂತ. ಹಾನಿಯನ್ನು ನಿಜಕ್ಕೂ ಸರಿಪಡಿಸಬಲ್ಲ ‘ರಿಕವರಿ ರೆಕಾರ್ಡ್’ ರಾರ್‌ನಲ್ಲಿದೆ. ಅದನ್ನು ಕಟ್ಟುವವರೇ ಮೊದಲು ಸೇರಿಸಬೇಕು, ಸೇರಿಸುವವರು ಅಪರೂಪ.

ಇದಕ್ಕೆ ಎದುರಾದ ಮಾದರಿ ನಮ್ಮ ಬೈಲಕುಪ್ಪೆಯಲ್ಲೇ ಇದೆ. 1987ರಲ್ಲಿ ಶುರುವಾದ ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್‌ಗಾಗಿ ಅಲ್ಲಿನ ಸೆರಾ ಮೇ ಮಠದ ಭಿಕ್ಷುಗಳು ಟಿಬೆಟನ್ ಗ್ರಂಥಗಳನ್ನು ರೋಮನ್ ಲಿಪಿಯಲ್ಲಿ, ಬರೀ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದರು. ಏಕೆಂದರೆ ಟಿಬೆಟನ್ ಲಿಪಿಗೆ ಯುನಿಕೋಡ್‌ನಲ್ಲಿ ಸ್ಥಿರವಾದ ಜಾಗ ಸಿಕ್ಕಿದ್ದೇ 1996ರಲ್ಲಿ. ಕಣ್ಣಿಗೆ ಕಿರಿಕಿರಿ ನಿಜ, ಲಿಪಿಯ ಚೆಲುವೆಲ್ಲ ಹೋಗಿದೆ. ಆದರೆ ಅಂಥ ಬರಹ ಇವತ್ತು ಯಾವ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ, ಸಾರನಾಥದಲ್ಲಿ ಕೂತವರೂ ಪದ ಕೊಟ್ಟು ಹುಡುಕಬಹುದು. ಅದೇ ನಮ್ಮ ಹಳೆಯ ಕನ್ನಡ ಕಡತಗಳನ್ನು ನೋಡಿ: ಜಿಪ್ ತೆರೆಯಿತು ಅನ್ನುವಷ್ಟರಲ್ಲಿ ಒಳಗಿನ ಡಾಕ್ಯುಮೆಂಟ್ ಯುನಿಕೋಡ್ ಅಲ್ಲದ ಫಾಂಟಿನದು, ಫಾಂಟ್ ಇಲ್ಲದಿದ್ದರೆ ಪುಟದ ತುಂಬ ರೋಮನ್ ಕಸ. ಹಳೆಯ ಜಿಪ್ಪುಗಳಲ್ಲಿ ಕನ್ನಡದ ಫೈಲ್ ಹೆಸರುಗಳೂ ಹೀಗೇ ಹಾಳಾಗುತ್ತವೆ.

ಕಳಿಸುವವರು ಫೈಲಿನ ಗಾತ್ರವನ್ನೂ ಅದರ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಾಲನ್ನೂ ಬರೆದು ಕಳಿಸಿದರೆ ಅರ್ಧ ಗೋಳು ತಪ್ಪುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಆ ಸಾಲನ್ನು ತೆಗೆದುಕೊಡುತ್ತದೆ. ಎರಡು ಸಾಲುಗಳೂ ತಾಳೆಯಾಗದಿದ್ದರೆ ದಾರಿಯಲ್ಲಿ ಕೆಟ್ಟಿದೆ, ಮತ್ತೆ ಇಳಿಸಿಕೊಳ್ಳಿ. ತಾಳೆಯಾಗಿಯೂ ಸೆವೆನ್-ಜಿಪ್ ದೋಷ ತೋರಿಸಿದರೆ ಕಳಿಸಿದವರ ಬಳಿಯೇ ಕೆಟ್ಟ ಪ್ರತಿ ಇದೆ ಅಂತ ಅವರಿಗೆ ಬರೆಯಿರಿ.