ವಾದದ ಮಿತಿ, ಅರಿಕೆಯ ಗಳಿಗೆ: ಬಾನ್‌ಹಾಫರರ ಒಂದು ಬರಹದ ಪರಾಮರ್ಶೆ

1942ರ ಕೊನೆಯಲ್ಲಿ, ತಮ್ಮ ಬಂಧನಕ್ಕೆ ಕೆಲವೇ ತಿಂಗಳುಗಳ ಮುಂಚೆ, ಡೀಟ್ರಿಕ್ ಬಾನ್‌ಹಾಫರ್ ಆಪ್ತರಿಗಾಗಿ ‘ಹತ್ತು ವರ್ಷಗಳ ನಂತರ’ ಎಂಬ ಬರಹವನ್ನು ಸಿದ್ಧಪಡಿಸಿದರು. ಹಿಟ್ಲರನ ಆಳ್ವಿಕೆಯ ದಶಕವನ್ನು ಅವಲೋಕಿಸುವ ಈ ಬರಹದಲ್ಲಿ ಮೌಢ್ಯವನ್ನು ಕುರಿತ ಭಾಗವೇ ಇಂದು ಹೆಚ್ಚು ಪ್ರಸಿದ್ಧ. ಕೆಡುಕನ್ನು ಬಯಲಿಗೆಳೆದು ಎದುರಿಸಬಹುದು. ಮೌಢ್ಯದ ಮುಂದೆ ಕಾರಣಗಳೂ ಸಾಕ್ಷ್ಯಗಳೂ ಸೋಲುತ್ತವೆ ಎಂಬುದು ಅಲ್ಲಿನ ವಾದ. ಈ ಮೌಢ್ಯ ಬುದ್ಧಿಯ ಕೊರತೆಯಲ್ಲ. ಅಧಿಕಾರದ ಅಬ್ಬರಕ್ಕೆ ಸಿಲುಕಿದವನು ಸ್ವಂತ ವಿವೇಚನೆಯನ್ನು ಬಿಟ್ಟುಕೊಡುವ ಸ್ಥಿತಿ. ಅವನ ಬಾಯಿಂದ ಘೋಷಣೆಗಳು ಮಾತನಾಡುತ್ತವೆ. ಅವನಿಗೆ ಮೊದಲು ಬೇಕಾದುದು ಬೋಧನೆಯಲ್ಲ, ವಿಮೋಚನೆ.

ಉಗ್ರವಾದವನ್ನು ಅಭಿಪ್ರಾಯದ ತೀಕ್ಷ್ಣತೆಯಿಂದಲ್ಲ, ಸತ್ಯಕ್ಕೆ ಕಿವಿಗೊಡಲಾರದ ಸ್ಥಿತಿಯಿಂದ ಗುರುತಿಸಬೇಕೆಂಬ ಈ ಒಳನೋಟ ಬೆಲೆಯುಳ್ಳದ್ದು. ಆದರೆ ಇದೊಂದೇ ಅಳತೆಗೋಲಾದರೆ ಅಪಾಯವಿದೆ. ಎದುರಾಳಿಯನ್ನು ಮೂಢನೆಂದು ಕರೆದು ವಾದದಿಂದ ಜಾರಿಕೊಳ್ಳುವುದು ಯಾರಿಗೂ ಸುಲಭ. ಮನುಷ್ಯರನ್ನು ತಿರಸ್ಕರಿಸಬಾರದೆಂದು ಅದೇ ಬರಹ ಎಚ್ಚರಿಸುತ್ತದೆಯಾದರೂ, ಅದನ್ನು ಉದ್ಧರಿಸುವವರು ಆ ಎಚ್ಚರಿಕೆಯನ್ನು ಮರೆಯುತ್ತಾರೆ. ಇನ್ನೂ ದೊಡ್ಡ ಕೊರತೆಯೆಂದರೆ, ಈ ಅಳತೆ ಮಾತನಾಡುವವನ ಮನಸ್ಸನ್ನು ಮಾತ್ರ ನೋಡುತ್ತದೆ. ಆ ಮಾತು ಯಾರ ಮೇಲೆ ಬೀಳುತ್ತದೆಂಬುದನ್ನು ನೋಡುವುದಿಲ್ಲ.

ಇದಕ್ಕಿಂತ ದೃಢವಾದ ಅಳತೆ ಬಾನ್‌ಹಾಫರರ 1933ರ ನಿಲುವಿನಲ್ಲಿದೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ, ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡದ ಹಿಡಿತದಲ್ಲಿದ್ದ ಪ್ರಷ್ಯದ ಸಿನೊಡ್ ‘ಆರ್ಯ ನಿಯಮ’ವನ್ನು ಅಂಗೀಕರಿಸಿತು. ಯೆಹೂದ್ಯ ಮೂಲದವರು ಸಭಾಪಾಲಕರಾಗಿ ಸೇವೆ ಮಾಡಬಾರದೆಂಬುದು ಅದರ ತಿರುಳು. ದೀಕ್ಷಾಸ್ನಾನ ಹೊಂದಿದ ಸಹೋದರನಿಗೆ ಸಭೆಯಲ್ಲಿ ಸಮಾನ ಸ್ಥಾನವುಂಟೇ ಎಂಬುದನ್ನು ಚರ್ಚೆಗೆ ಇಡುವುದೇ ಸುವಾರ್ತೆಯ ನಿರಾಕರಣೆ ಎಂದು ಬಾನ್‌ಹಾಫರ್ ಕಂಡರು. ಅವರ ಪಾಲಿಗೆ ಅದು ಅಭಿಪ್ರಾಯಭೇದವಲ್ಲ, ಅರಿಕೆಯ ಗಳಿಗೆ. ಸಭೆಯನ್ನು ಬಿಡಬೇಕೇ ಎಂದು ಅವರು ಕಾರ್ಲ್ ಬಾರ್ತರನ್ನು ಕೇಳಿದರು. ಗಳಿಗೆ ಅರಿಕೆಯದೇ ಎಂದು ಬಾರ್ತರು ಒಪ್ಪಿದರೂ, ಸಂಘರ್ಷ ಇನ್ನೂ ಕೇಂದ್ರವಾದ ವಿಷಯದಲ್ಲಿ ಬರಬಹುದೆಂದು ಹೇಳಿ, ಕಾಯಲು ಸೂಚಿಸಿದರು.

ಅದೇ ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾ ಸಭಾಂಗಣದಲ್ಲಿ ರೈನ್‌ಹೋಲ್ಡ್ ಕ್ರೌಸ್ ಎಂಬ ನಾಯಕ ಹಳೆಯ ಒಡಂಬಡಿಕೆಯನ್ನೇ ತೊರೆಯಬೇಕೆಂದು ಕರೆಕೊಟ್ಟ. ಆಗ ಅನೇಕರು ಬೆಚ್ಚಿ ಆ ಪಂಗಡವನ್ನು ಬಿಟ್ಟರು. ಇದರಲ್ಲಿ ಎರಡು ಪಾಠಗಳಿವೆ. ಪಂಗಡದೊಳಗಿದ್ದವರೆಲ್ಲರೂ ಕಿವುಡರಾಗಿರಲಿಲ್ಲ, ತೂಗಾಡುತ್ತಿದ್ದವರೊಡನೆ ಮಾತು ವ್ಯರ್ಥವಾಗುತ್ತಿರಲಿಲ್ಲ. ಆದರೆ ಗ್ರಂಥಕ್ಕೆ ಕೈಯಿಟ್ಟಾಗ ನೊಂದವರಲ್ಲಿ ಬಹುಮಂದಿ ಸಹೋದರನನ್ನು ಹೊರಗಟ್ಟಿದಾಗ ಸುಮ್ಮನಿದ್ದರು. 1934ರ ಮೇ ತಿಂಗಳ ಬಾರ್ಮೆನ್ ಘೋಷಣೆಯ ಆರು ಸೂತ್ರಗಳಲ್ಲಿಯೂ ಯೆಹೂದ್ಯರ ಹೆಸರಿಲ್ಲ. ಆ ಪ್ರಶ್ನೆಯನ್ನು ನಿರ್ಣಾಯಕವಾಗಿಸದಿದ್ದುದು ತಮ್ಮ ತಪ್ಪೆಂದು ಬಾರ್ತರು 1967ರಲ್ಲಿ ಬಾನ್‌ಹಾಫರರ ಗೆಳೆಯ ಎಬರ್‌ಹಾರ್ಡ್ ಬೆತ್ಗೆ ಅವರಿಗೆ ಬರೆದರು. ಕೇಂದ್ರ ವಿಷಯಕ್ಕಾಗಿ ಕಾದವರಿಗೆ, ಹೊರದೂಡಲ್ಪಟ್ಟ ಸಹೋದರನೇ ಕೇಂದ್ರವೆಂದು ತಡವಾಗಿ ತಿಳಿಯಿತು.

ಜ್ಞಾನೋಕ್ತಿಗಳ 26ನೆಯ ಅಧ್ಯಾಯದ 4ನೆಯ ವಚನ ಮೂಢನಿಗೆ ಉತ್ತರಿಸಬೇಡವೆನ್ನುತ್ತದೆ, 5ನೆಯದು ಉತ್ತರಿಸೆನ್ನುತ್ತದೆ. ಒಂದು ನಮ್ಮ ಆತ್ಮವನ್ನು ಕಾಯುತ್ತದೆ, ಇನ್ನೊಂದು ಅವನ ಗರ್ವವನ್ನು ತಡೆಯುತ್ತದೆ. ಯಾವುದನ್ನು ಯಾವಾಗ ಪಾಲಿಸಬೇಕೆಂಬುದು ವಿವೇಕಕ್ಕೆ ಬಿಟ್ಟದ್ದು. ಆ ವಿವೇಕಕ್ಕೆ ಜರ್ಮನಿಯ ಅನುಭವ ಒಂದು ದಾರಿ ತೋರಿಸುತ್ತದೆ: ನೀತಿಯ ಕುರಿತು ಭೇದವಿದ್ದಲ್ಲಿ ಸಭೆ ತಾಳ್ಮೆಯಿಂದ ವಾದಿಸಲಿ, ಕೇಳುವ ಮನಸ್ಸು ಇನ್ನೂ ಉಳಿದವರನ್ನು ಕೈಬಿಡದಿರಲಿ. ಆದರೆ ನೆರೆಯವನು ನೆರೆಯವನೇ ಎಂಬ ಪ್ರಶ್ನೆಯನ್ನು ಮೇಜಿನ ಮೇಲಿಟ್ಟಾಗ, ಆ ಮೇಜಿನ ಬಳಿ ಕುಳಿತಿರುವುದೇ ಒಂದು ಉತ್ತರವಾಗಿಬಿಡುತ್ತದೆ. ಅಲ್ಲಿ ವಾದ ಮುಗಿದು ಅರಿಕೆ ಮೊದಲಾಗಬೇಕು.