ಎಳೆಯ ಕ್ರೀಡಾಪಟುಗಳ ಬಳಲಿಕೆ: ತರಬೇತಿ ಪದ್ಧತಿಯ ಒಂದು ವಿಮರ್ಶೆ

ಎಳೆಯ ಕ್ರೀಡಾಪಟುಗಳನ್ನು ಕಾಡುವ ಬಳಲಿಕೆ (ಬರ್ನ್‌ಔಟ್) ಎರಡು ದಿನ ಮಲಗಿ ಎದ್ದರೆ ನೀಗುವ ದಣಿವಲ್ಲ. ಕ್ರೀಡಾ ಮನೋವಿಜ್ಞಾನಿಗಳಾದ ರೆಡೆಕೆ ಮತ್ತು ಸ್ಮಿತ್ 2001ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಅದರ ಮೂರು ಮುಖಗಳನ್ನು ಅಳೆಯುತ್ತದೆ: ದೇಹ ಮನಸ್ಸುಗಳೆರಡರ ನಿತ್ರಾಣ, ಎಷ್ಟು ಆಡಿದರೂ ಏನೂ ಸಾಧಿಸಲಿಲ್ಲವೆಂಬ ಕೊರಗು, ಆಟದ ಬಗ್ಗೆಯೇ ಹುಟ್ಟುವ ತಾತ್ಸಾರ.

ಇದರ ಮೊದಲ ಕಾರಣ ಸ್ಪರ್ಧೆಯ ಸ್ವರೂಪದಲ್ಲೇ ಇದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸ್ಪರ್ಧೆಯ ಮೊದಲ ಮೆಟ್ಟಿಲು ಶಾಲಾ ಕ್ರೀಡಾಕೂಟ. ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯದವರೆಗೆ ಅದು ಏರುತ್ತದೆ. ಹೊಸಕೋಟೆ, ನೆಲಮಂಗಲದ ಹಳ್ಳಿಶಾಲೆಯ ಮಕ್ಕಳಿಗೂ ದಾರಿ ತೆರೆಯುವುದು ಈ ವ್ಯವಸ್ಥೆಯ ದೊಡ್ಡ ಗುಣ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಸ್ಥಾನ ಮಾತ್ರ. ಹೋಬಳಿಯಲ್ಲಿ ಮೊದಲು ಬಂದ ಹುಡುಗಿ ತಾಲ್ಲೂಕು ಕೂಟದಲ್ಲಿ ಇನ್ನೂ ಬೇಗ ಓಡಿ ನಾಲ್ಕನೆಯವಳಾದರೆ, ಅವಳ ಪ್ರಗತಿಯನ್ನು ಯಾರೂ ಗುರುತಿಸುವುದಿಲ್ಲ. ಸಾಧಿಸಲಿಲ್ಲವೆಂಬ ಕೊರಗಿಗೆ ಬೀಜ ಬೀಳುವುದೇ ಇಲ್ಲಿ.

ಎರಡನೆಯ ಕಾರಣ, ಸಿಕ್ಕಿಕೊಂಡೆನೆಂಬ ಭಾವನೆ. ಹದಿಹರೆಯದ ಈಜುಗಾರರನ್ನು ಕುರಿತ 1997ರ ಅಧ್ಯಯನದಲ್ಲಿ ರೆಡೆಕೆ ಇದನ್ನು ತೋರಿಸಿದರು: ಇಷ್ಟವಿದ್ದು ಆಟದಲ್ಲಿ ಉಳಿದವರಿಗಿಂತ, ಬಿಡಲಾಗದೆ ಉಳಿದವರಲ್ಲಿ ಬಳಲಿಕೆ ಹೆಚ್ಚು. ಅಪ್ಪ ಅಮ್ಮ ಹಾಕಿದ ದುಡ್ಡು, ಕ್ರೀಡಾ ಕೋಟಾದ ಸೀಟು, ನೌಕರಿಯ ಆಸೆ ಎಲ್ಲವೂ ಸೇರಿದಾಗ ‘ಸಾಕು’ ಎನ್ನುವುದು ಮಗುವಿಗೆ ಅಪರಾಧದಂತೆ ಕಾಣುತ್ತದೆ.

ಮೂರನೆಯದು, ಆಟವೊಂದೇ ತನ್ನ ಗುರುತಾಗುವುದು. ಸಮಾಜಶಾಸ್ತ್ರಜ್ಞ ಜೇ ಕೋಕ್ಲಿ 1992ರಲ್ಲಿ ವಾದಿಸಿದಂತೆ, ಬೇರೆ ಗುರುತು ಬೆಳೆಯಲು ಬಿಡದ, ಬದುಕಿನ ತೀರ್ಮಾನಗಳನ್ನೆಲ್ಲ ಹಿರಿಯರ ಕೈಗೆ ಕೊಡುವ ಕ್ರೀಡಾವ್ಯವಸ್ಥೆಯೇ ಬಳಲಿಕೆಯ ಮೂಲ. ಪರಿಪೂರ್ಣತೆಯ ಹಠ, ತಪ್ಪಿದರೆ ಬೈಗುಳದ ಭಯ ಈ ಹಿಡಿತವನ್ನು ಇನ್ನಷ್ಟು ಬಿಗಿಯಾಗಿಸುತ್ತವೆ.

ಸೌಕರ್ಯಗಳೇನೋ ಹೆಚ್ಚುತ್ತಿವೆ: ದೇವನಹಳ್ಳಿ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರವಿದೆ, 2024ರಲ್ಲಿ ಕ್ರಿಕೆಟ್ ಮಂಡಳಿ ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ ಕೂಡ ಬಂದಿದೆ. ಉತ್ತಮ ಅಂಕಣಗಳು ಬೇಕು ನಿಜ. ಆದರೆ ತರಬೇತಿಯ ಯೋಗ್ಯತೆಯನ್ನು ಪದಕಗಳಿಂದಷ್ಟೇ ಅಳೆಯಲಾಗದು. ಆಟ ಬಿಟ್ಟ ಮಕ್ಕಳು ಏಕೆ ಬಿಟ್ಟರೆಂದು ಕೇಳುವುದೂ ಮೌಲ್ಯಮಾಪನದ ಭಾಗವಾಗಬೇಕು. ಆಟ ಬಿಡುವುದು ಯಾವಾಗಲೂ ಕೊನೆಯೂ ಅಲ್ಲ: ಟೆನಿಸ್ ತಾರೆ ಆ್ಯಶ್ಲಿ ಬಾರ್ಟಿ 2014ರಲ್ಲಿ, 18ರ ಹರೆಯದಲ್ಲಿ ಆಟದಿಂದ ಬಿಡುವು ಪಡೆದು ಕ್ರಿಕೆಟ್ ಆಡಿದರು; ಮರಳಿ ಬಂದು 2019ರಲ್ಲಿ ಫ್ರೆಂಚ್ ಓಪನ್ ಗೆದ್ದರು.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು ಮುಖ್ಯ ಆಟದಿಂದ ಬಿಡುವನ್ನು ಸೂಚಿಸುತ್ತದೆ. ಇಂಥ ಬಿಡುವಿಗೆ ಖರ್ಚಿಲ್ಲ. ದೊಡ್ಡಬಳ್ಳಾಪುರದ ಶಾಲಾ ಮೈದಾನದಲ್ಲೂ ಇದನ್ನು ಪಾಲಿಸಬಹುದು. ಸ್ಥಾನದ ಜೊತೆಗೆ ಮಗುವಿನ ಸ್ವಂತ ಪ್ರಗತಿಯನ್ನು ಬರೆದಿಡುವುದು, ತರಬೇತಿಯ ವೇಳಾಪಟ್ಟಿಯಲ್ಲಿ ಅದರ ಮಾತಿಗೂ ಬೆಲೆ ಕೊಡುವುದು ಇದರೊಂದಿಗೆ ಸೇರಬೇಕು.