ಮೂರನೆಯ ಸವಾರ

ನಮ್ಮ ಬಾಲ್ಯದಲ್ಲಿ ಒಂದೇ ಬೈಸಿಕಲ್ಲಿನ ಮೇಲೆ ಇಬ್ಬರು ಹೋಗುವುದು ‘ಡಬಲ್ ರೈಡಿಂಗ್’ ಎಂಬ ಅಪರಾಧವಾಗಿತ್ತು. ಪೇಟೆಯ ತಿರುವಿನಲ್ಲಿ ಪೊಲೀಸಿನವನ ಟೋಪಿ ಕಂಡಿತೆಂದರೆ, ಕ್ಯಾರಿಯರಿನ ಮೇಲಿದ್ದವನು ಕೆಳಕ್ಕೆ ನೆಗೆದು, ತನಗೂ ಆ ಯಂತ್ರಕ್ಕೂ ಜನ್ಮಾಂತರದ ಸಂಬಂಧವೂ ಇಲ್ಲವೆಂಬಂತೆ ನಡೆಯತೊಡಗುವುದು ವಾಡಿಕೆ. ಆ ಭೀತಿಯಲ್ಲಿ ಬೆಳೆದ ನನಗೆ, ಎರಡು ಸೀಟು, ಎರಡು ಹ್ಯಾಂಡಲ್ಲು, ಎರಡು ಜೊತೆ ಪೆಡಲುಗಳುಳ್ಳ ಟ್ಯಾಂಡೆಮ್ ಸೈಕಲ್ಲನ್ನೇರಿ, ಧರ್ಮಪತ್ನಿಯನ್ನು ಹಿಂದಣ ಪೀಠದಲ್ಲಿ ಕೂರಿಸಿಕೊಂಡು, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನಿರ್ಭಯವಾಗಿ ಸಾಗುವಾಗ ಉಂಟಾಗುವ ಆನಂದದಲ್ಲಿ ಹಳೆಯ ಸೇಡಿನ ಅಂಶವೂ ಕಿಂಚಿತ್ ಬೆರೆತಿದೆ.

ಆದರೆ ಟ್ಯಾಂಡೆಮ್ಮು ಬಯಲುಸೀಮೆಯ ಪ್ರಾಣಿ. ಎರಡು ದೇಹಗಳ ಬಲ ಒಂದಾಗಿ, ಗಾಳಿಗೆ ಎದೆಯೊಡ್ಡುವುದು ಮಾತ್ರ ಮುಂದಿನ ಒಂದೇ ದೇಹವಾದುದರಿಂದ, ಕಡೂರಿನ ಕಡೆಯ ಸಮತಟ್ಟು ದಾರಿಯಲ್ಲಿ ಅದು ಒಂಟಿ ಸವಾರನನ್ನು ಲೀಲಾಜಾಲವಾಗಿ ಹಿಂದಿಕ್ಕುತ್ತದೆ. ಅದೇ ಯಂತ್ರವನ್ನು ಕೈಮರ ದಾಟಿಸಿ ಮುಳ್ಳಯ್ಯನಗಿರಿಯ ಏರಿಗೆ ತಂದು ನಿಲ್ಲಿಸಿದಿರೋ, ಅದರ ಗರ್ವವೆಲ್ಲ ಇಳಿದುಹೋಗುತ್ತದೆ. ಎಡಗಡೆಯ ಟೈಮಿಂಗ್ ಚೈನು ನಾಲ್ಕೂ ಪಾದಗಳನ್ನು ಒಂದೇ ತಾಳಕ್ಕೆ ಕಟ್ಟಿರುವುದರಿಂದ, ಒಬ್ಬರಿಗೆ ಏದುಸಿರು ಬಂದರೆ ಇನ್ನೊಬ್ಬರು ತಮ್ಮ ಲಯದಲ್ಲಿ ಮುಂದುವರಿಯುವಂತಿಲ್ಲ; ಮನುಷ್ಯನ ನಡಿಗೆಯ ವೇಗಕ್ಕೆ ಇಳಿದೊಡನೆ ಆ ನೀಳಕಾಯ ಹಾವಿನಂತೆ ಹೊರಳತೊಡಗಿ, ಮುಂದಿನವನ ಶಕ್ತಿಯ ಅರ್ಧಭಾಗ ಬೀಳದಂತೆ ನೋಡಿಕೊಳ್ಳುವುದರಲ್ಲಿಯೇ ವ್ಯಯವಾಗುತ್ತದೆ.

ಆದುದರಿಂದಲೇ ಅದಕ್ಕೊಂದು ವಿದ್ಯುತ್ ಮೋಟಾರನ್ನು ಕೂರಿಸುವ ಯೋಚನೆ ನನಗೆ ಬಂದಿತು. ಲೆಕ್ಕ ಸರಳವಾದುದು. ನಾವೀರ್ವರು, ಸೈಕಲ್ಲು, ಮೋಟಾರು, ಬ್ಯಾಟರಿ, ಬುತ್ತಿ ಎಲ್ಲ ಕೂಡಿ 175 ಕಿಲೋ. ನೂರು ಮೀಟರಿಗೆ 8 ಮೀಟರ್ ಏರುವ ದಾರಿಯಲ್ಲಿ ಈ ಭಾರವನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 340 ವಾಟ್ ಶಕ್ತಿ ಬೇಕು. ಪ್ರಾಯ ಸಂದ ನಮ್ಮಿಬ್ಬರ ಕಾಲುಗಳು ಗಂಟೆಗಟ್ಟಲೆ ನೀಡಬಲ್ಲುದು ತಲಾ 100 ವಾಟ್. ಅಷ್ಟರಿಂದ ದೊರೆಯುವ ವೇಗ 5 ಕಿ.ಮೀ. ಕೂಡ ಅಲ್ಲ. ಮೋಟಾರಿನಿಂದ ನಾನು ಬೇಡಿದುದು ಉಳಿದ ಆ 140 ವಾಟನ್ನು ಮಾತ್ರ, ಎಂದರೆ ಸೈಕಲ್ಲು ಹೊರಳದೆ ನೆಟ್ಟಗೆ ನಿಲ್ಲುವಷ್ಟು ವೇಗವನ್ನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬ್ರೇಕು, ರಿಫ್ಲೆಕ್ಟರು ಮೊದಲಾದ ಷರತ್ತುಗಳೊಡನೆ, 250 ವಾಟಿಗೆ ಒಳಪಟ್ಟ ಶಕ್ತಿಯೂ ಗಂಟೆಗೆ 25 ಕಿ.ಮೀ.ಗೆ ಒಳಪಟ್ಟ ವೇಗವೂ ಇರುವ ಇಂಥ ವಾಹನವನ್ನು ಮೋಟಾರು ವಾಹನವೆಂದೇ ಎಣಿಸುವುದಿಲ್ಲವಾದ್ದರಿಂದ, ಪೊಲೀಸಿನವನ ಭಯ ಈಗಲೂ ಇಲ್ಲ.

ನಾನು ಮೊದಲು ಮೋಸಹೋದದ್ದು ಹಬ್ ಮೋಟಾರಿನಲ್ಲಿ. ಹಿಂದಣ ಚಕ್ರದ ಗುಂಬದಲ್ಲಿಯೇ ಅಡಗಿ ಕುಳಿತಿರುವ ಈ ಮೋಟಾರು ನೋಡಲು ಸೊಗಸು, ಕೂರಿಸಲು ಸುಲಭ. ಅಂಗಡಿಯವನೊಬ್ಬನು ಯಾವ ಗುಡ್ಡವನ್ನಾದರೂ ಹತ್ತಿಸುವುದಾಗಿ ಆಣೆಯಿಟ್ಟು ಮಾರಿದ. ಆದರೆ ಅದು ಚಕ್ರ ತಿರುಗಿದಷ್ಟೇ ತಿರುಗಬೇಕು. ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ಹಾಯಾಗಿರುವಂಥ ಮೋಟಾರು, ಗಿರಿಯ ಏರಿನಲ್ಲಿ 60 ಸುತ್ತಿಗೆ ಇಳಿದಾಗ, ಬ್ಯಾಟರಿಯಿಂದ ಹೀರಿದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಮಾರ್ಪಡಿಸುತ್ತದೆ. ಕೈಮರದಿಂದ ಮೂರನೆಯ ಮೈಲಿಯಲ್ಲಿ ಅದು ಕಾದು ತಾನಾಗಿಯೇ ನಿಂತಿತು. ಅದರ ಭಾರವನ್ನೂ ಸೇರಿಸಿಕೊಂಡು ನಾವಿಬ್ಬರೂ ಸೈಕಲ್ಲನ್ನು ತಳ್ಳುತ್ತ ಹೋದೆವು.

ಮಲೆನಾಡಿನ ಟ್ಯಾಂಡೆಮ್ಮಿಗೆ ತಕ್ಕುದು ಪೆಡಲಿನ ನಡುವೆಯೇ, ಮೆಕ್ಯಾನಿಕ್ಕರು ‘ಬಿ.ಬಿ.’ ಎಂದು ಕರೆಯುವ ಸ್ಥಾನದಲ್ಲಿ, ಕೂರುವ ಮಿಡ್-ಡ್ರೈವ್ ಮೋಟಾರೇ. ಅದರ ಬಲ ಚೈನಿನ ಮೂಲಕ, ಗೇರುಗಳ ಮೂಲಕ ಹರಿಯುವುದರಿಂದ, ನಾವು ಸಣ್ಣ ಗೇರಿಗೆ ಇಳಿದಂತೆ ಅದಕ್ಕೂ ಭಾರ ಹಗುರವಾಗುತ್ತದೆ. ಚೀನಾದ ಬಾಫಾಂಗ್ ಕಂಪನಿಯ ಇಂಥ ಮೋಟಾರು 68 ಮಿ.ಮೀ. ಅಗಲದ ಸಾಮಾನ್ಯ ಬಿ.ಬಿ. ಚಿಪ್ಪಿಗೆ ಕೂರುತ್ತದೆ, ಟ್ಯಾಂಡೆಮ್ಮಿನ ಮುಂದಣ ಚಿಪ್ಪು ಟೈಮಿಂಗ್ ಚೈನನ್ನು ಬಿಗಿಗೊಳಿಸಲೆಂದು ದೊಡ್ಡದಾಗಿರುವುದರಿಂದ, ಅದಕ್ಕೆ ಹಿಂದಣ ಚಿಪ್ಪೇ ಗತಿ. ತೊಡಕು ಎದುರಾಗುವುದು ಎಡಗಡೆಯಲ್ಲಿ: ಮೋಟಾರಿನೊಡನೆ ಬರುವ ಎಡ ಕ್ರ್ಯಾಂಕಿಗೆ ಹಲ್ಲುಗಾಲಿ ಇರುವುದಿಲ್ಲ. ಅದರ ಅಕ್ಷದ ತುದಿ ಹಳೆಯ ಪದ್ಧತಿಯ ಚೌಕಾಕಾರದ್ದಾದುದರಿಂದ, ನಮ್ಮ ಟ್ಯಾಂಡೆಮ್ಮಿನದೇ ಹಲ್ಲುಗಾಲಿ ಸಹಿತವಾದ ಎಡ ಕ್ರ್ಯಾಂಕು ಅಲ್ಲಿ ಒಪ್ಪವಾಗಿ ಕುಳಿತಿತು. ಇದರ ತೆರಿಗೆಯನ್ನು ತೆರುವುದು ಬಲಗಡೆಯ ಚೈನು. ಇಬ್ಬರು ಮನುಷ್ಯರ ಜೊತೆಗೆ ಒಂದು ಯಂತ್ರದ ಎಳೆತವನ್ನೂ ಸಹಿಸಬೇಕಾದ ಅದು ಬೇಗನೆ ಸವೆಯುತ್ತದೆ. ಗೇರು ಬದಲಿಸುವ ಮುನ್ನ ನಾನು ‘ಗೇರು’ ಎಂದು ಕೂಗಬೇಕು, ಎಲ್ಲರೂ, ಮೋಟಾರೂ ಸೇರಿದಂತೆ, ಕ್ಷಣಕಾಲ ಸುಮ್ಮನಾಗಬೇಕು.

ಟ್ಯಾಂಡೆಮ್ ಸಂಸಾರಗಳಲ್ಲಿ ಹಿಂದಿನವರು ತುಳಿಯುತ್ತಿಲ್ಲವೆಂಬ ಗುಮಾನಿ ಮುಂದಿನವರದು. ನಮ್ಮ ಮನೆಯಲ್ಲಿ ಮೋಟಾರು ಬಂದ ದಿನ ಅದು ತಿರುಗುಮುರುಗಾಯಿತು. “ರೀ, ಇವನು ಬಂದ್ಮೇಲೆ ನೀವು ತುಳೀತಿದ್ದೀರೋ ಇಲ್ವೋ ಅಂತ ನಂಗೆ ಗೊತ್ತಾಗೋದ್ಹೇಗೆ?” ಎಂದು ನನ್ನಾಕೆ ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ.

ಮೋಟಾರು ಮಾರುವವರು ಹೇಳದಿರುವ ಮಾತೊಂದಿದೆ. ಅದು ಇಳಿಜಾರನ್ನು ಕುರಿತದ್ದು. ಚಿಕ್ಕಮಗಳೂರು ಪೇಟೆಯಿರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ಶಿಖರ 1,930 ಮೀಟರಿನಲ್ಲಿ. ಕೊನೆಯ ಮೆಟ್ಟಿಲುಗಳನ್ನು ಬಿಟ್ಟು 750 ಮೀಟರನ್ನು ಮಾತ್ರ ಏರಿದೆವೆಂದುಕೊಂಡರೂ, ನಮ್ಮ ಭಾರವನ್ನು ಅಲ್ಲಿಗೆ ಎತ್ತಲು 350 ವಾಟ್-ಅವರ್‌ಗೂ ಮಿಗಿಲಾದ ಚೈತನ್ಯ ಬೇಕು. ನಮ್ಮ ಬ್ಯಾಟರಿ 48 ವೋಲ್ಟಿನ, 12 ಆಂಪಿಯರ್-ಅವರಿನದು, ಒಟ್ಟು 576 ವಾಟ್-ಅವರ್. ಅರ್ಧ ಹೊರೆಯನ್ನು ಕಾಲುಗಳೇ ಹೊರುವಾಗ ಅದು ಧಾರಾಳವಾಗಿ ಸಾಕು, ಮಳೆಗಾಲದಲ್ಲಿ ಕರೆಂಟು ಇದ್ದಾಗಲೇ ಚಾರ್ಜ್ ಮಾಡಿಟ್ಟುಕೊಂಡಿರಬೇಕು ಎಂಬುದೊಂದನ್ನುಳಿದು. ಆದರೆ ಹಾಗೆ ಸಂಪಾದಿಸಿದ ಚೈತನ್ಯವೆಲ್ಲವೂ ಇಳಿಯುವಾಗ ಎಲ್ಲಾದರೂ ವ್ಯಯವಾಗಲೇಬೇಕಷ್ಟೆ. ಚಾರ್ಮಾಡಿಯಂಥ ತಿರುವುಗಳ ಘಾಟಿಯಲ್ಲಿ ಗಾಳಿಗೆ ಅದನ್ನೊಪ್ಪಿಸುವಷ್ಟು ವೇಗದಲ್ಲಿ ಹೋಗುವಂತಿಲ್ಲ. ಅಲ್ಲಿ ಅದು ಬ್ರೇಕಿನಲ್ಲಿ ಬೆಂಕಿಯಾಗುತ್ತದೆ. ರಿಮ್ಮು ಕಾದು ಟ್ಯೂಬು ಸಿಡಿಯುವುದು ಟ್ಯಾಂಡೆಮ್ಮಿಗರಿಗೆ ಚಿರಪರಿಚಿತವಾದ ವಿಪತ್ತು. ನಾನು ತುಚ್ಛೀಕರಿಸಿದ ಹಬ್ ಮೋಟಾರಿನಲ್ಲಿಯೇ, ಗೇರಿಲ್ಲದ ನೇರ ಬಗೆಯದಾದರೆ, ಇಳಿಯುವಾಗ ಚಕ್ರವನ್ನು ತಡೆದು ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಹಿಂತಿರುಗಿಸುವ ಗುಣವುಂಟು. ನನ್ನ ಮಿಡ್-ಡ್ರೈವಿಗೆ ಅದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆದುದರಿಂದ ಮೋಟಾರಿಗೆ ಮುನ್ನ ಮೂರನೆಯ ಬ್ರೇಕನ್ನು ಕೊಳ್ಳಿರೆಂಬುದೇ ನನ್ನ ಖಂಡಿತವಾದ ಅಭಿಪ್ರಾಯ. ಮುಂದೆ ಡಿಸ್ಕು, ಹಿಂದೆ ರಿಮ್ ಬ್ರೇಕು ಇದ್ದರೂ, ಬಂಧುವೊಬ್ಬರು ವಿದೇಶದಿಂದ ತಂದಿತ್ತ ಹಳೆಯ ಅರಾಯ್ ಡ್ರಮ್ ಬ್ರೇಕನ್ನು ಹಿಂದಣ ಗುಂಬಕ್ಕೆ ತಿರುಚಿದ್ದೇನೆ. ಜಪಾನಿನ ಈ ಬ್ರೇಕು ಈಗ ತಯಾರಾಗುತ್ತಿಲ್ಲ. ಇಳಿಜಾರಿನುದ್ದಕ್ಕೂ ಒಂದೇ ಸಮನೆ ಎಳೆದು ಹಿಡಿಯುವ ಅದರ ಸನ್ನೆ, ಟ್ಯಾಂಡೆಮ್ಮಿಗರ ಹಳೆಯ ರೂಢಿಯಂತೆ, ಹಿಂದಿನವರ ಕೈಯಲ್ಲಿದೆ.

ಕಳೆದ ಮಾರ್ಚಿಯಲ್ಲಿ, ಹೂಮಳೆ ಬಿದ್ದ ಮರುವಾರ, ಮೂಡಿಗೆರೆಯಿಂದ ಹೊರಟು, ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಇಂಧನವನ್ನು ಯಥೇಚ್ಛವಾಗಿ ತುಂಬಿಕೊಂಡು, ಕಳಸದ ದಾರಿ ಹಿಡಿದೆವು. ಏರಿಳಿತಗಳ ಆ ದಾರಿಯಲ್ಲಿ ನಾನು ಹ್ಯಾಂಡಲ್ಲಿನ ಪುಟ್ಟ ಪರದೆಯ ಮೇಲೆ ವಾಟುಗಳನ್ನು ಎಣಿಸುತ್ತ, ಇಷ್ಟು ಇಳಿದರೆ ಮುಂದಿನ ಏರಿಗೆ ಇಷ್ಟು ಉಳಿಯಿತೆಂದು ಗುಣಿಸುತ್ತ ಹೋಗುತ್ತಿರುವಾಗ, ಒಳ್ಳೆಯ ಇಳುಕಲೊಂದರ ನಡುವೆ ಸೈಕಲ್ಲು ಮೆಲ್ಲಮೆಲ್ಲನೆ ನಿಂತೇಬಿಟ್ಟಿತು. ಡ್ರಮ್ಮು ಹಿಡಿದುಕೊಂಡಿತೆಂದು ಗಾಬರಿಯಾಗಿ ಹಿಂದಿರುಗಿ ನೋಡಿದೆ. ಅವಳು ಸನ್ನೆಯನ್ನು ಬಿಗಿಯಾಗಿ ಹಿಡಿದೇ ಇದ್ದಳು.

“ಕಾಫಿ ಹೂವಾಗಿದೆ,” ಎಂದಳು. “ವಾಸ್ನೆನೂ ಬರ್ಲಿಲ್ವೇನು ನಿಮಗೆ?”